ರೊಟ್ಟಿ ಆರ್ಡರ್, ಹಬ್ಬ-ಜಾತ್ರಿ, ಮನಿ ಮಂದಿ: ನಾ ಹೆಂಗ ಸಂಭಾಳಿಸ್ಲತ್ತೀನಿ

ಕಲಬುರಗಿಯಾಗ ರೊಟ್ಟಿ ವ್ಯಾಪಾರ ಮಾಡೋ ಹೆಣ್ಮಗಳಿಗಿ ಬ್ಯಾರೆ ಅಂಗಡಿಯವ್ರಿಗಿ ಇಲ್ಲದ ಒಂದು ಪೇಚು ಅದ. ಊರಿಗೆಲ್ಲ ಯಾವತ್ತು ಹಬ್ಬ ಇರ್ತದೋ ಅವತ್ತೇ ನಮಗ ಆರ್ಡರ್ ಜಾಸ್ತಿ, ಅವತ್ತೇ ನಮ್ಮ ಮನ್ಯಾಗೂ ಹಬ್ಬ, ಮತ್ತ ಅವತ್ತೇ ನನ್ನ ಕೂಡ ರೊಟ್ಟಿ ಬಡಿಯೋ ಹೆಣ್ಮಕ್ಕಳ ಮನ್ಯಾಗೂ ಹಬ್ಬ. ಕಿರಾಣಿ ಅಂಗಡಿ ಆದ್ರ ಮೈದುನನ್ನ ಗಲ್ಲಾದ ಮ್ಯಾಲ ಕೂಡಿಸಿ ಹೋಗಬಹುದು, ರೊಟ್ಟಿ ಹಂಗಲ್ರಿ, ಎಸರು ಇಟ್ಟು ಹಿಟ್ಟು ನಾದಿ ಬಡಿಯೋ ಕೈನೇ ಬೇಕು, ಆ ಕೈ ತಯಾರಾಗ್ಲಿಕ್ಕಿ ವರ್ಷಗಟ್ಲೆ ಬೇಕು.

ಎಳ್ಳ ಅಮಾಸಿನೇ ತಗೊಳ್ರಿ. ಡಿಸೆಂಬರ್ ಕಡೀಕ ಇಲ್ಲಾ ಜನವರಿದಾಗ ಬರ್ತದ, ಅವತ್ತು ನಮ್ಮ ಕಲಬುರಗಿ ಬೀದರ್ ಕಡಿ ಸಿಟಿ ಅರ್ಧ ಖಾಲಿ, ಹೊಲ ಇದ್ದೋರು ತಮ್ಮ ಹೊಲಕ್ಕ, ಇಲ್ಲದವ್ರು ಗುರ್ತಿನವ್ರ ಹೊಲಕ್ಕ ಹೋಗಿ ಚರಗ ಚೆಲ್ಲಿ (ಅಂದ್ರ ಭೂಮಿತಾಯಿಗಿ ಎಡಿ ಹೊಲದಾಗ ಚೆಲ್ಲಿ) ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಉಂಡು ಸಂಜಿಗಿ ಬರ್ತಾರ. ಮನ್ಯಾಗ ಇಬ್ರೂ ನೌಕರಿ ಮಾಡೋರು ಈಗ ಸಜ್ಜಿ ರೊಟ್ಟಿ ಖರೀದಿ ಮಾಡೇ ಬುತ್ತಿ ಕಟ್ತಾರ, ಅದಕ್ಕ ಆ ವಾರ ಫೋನ್ ಕೆಳಗ ಇಡ್ಲಿಕ್ಕಿ ಆಗಂಗಿಲ್ಲ. ಆದ್ರ ನಮ್ಮದೂ ಅಫಜಲಪುರ ಕಡಿ ಹೊಲ ಅದ, ನಮ್ಮತ್ತಿಯವ್ರಿಗಿ ಚರಗ ಅಂದ್ರ ಜೀವ. ಅದಕ್ಕ ನಾ ಮಾಡಿದ್ದು ಏನಂದ್ರ, ಅಮಾಸಿ ಹಿಂದಿನ ದಿನ ಸಂಜಿಗಿ ಎಲ್ಲಾ ಆರ್ಡರ್ ಕೊಟ್ಟು ಮುಗಸೋದು, ಅವತ್ತಿನ ದಿನ ಒಲಿ ಹಚ್ಚಂಗಿಲ್ಲ ಅಂದ್ರ ಹಚ್ಚಂಗಿಲ್ಲ. ಗಿರಾಕಿ ಎಷ್ಟೇ ದೊಡ್ಡವ್ರಿದ್ರೂ ಅದೇ ಮಾತು. ಶುರುದಾಗ ಒಂದಿಷ್ಟು ಮಂದಿ ಸಿಟ್ಟಾದ್ರು, ಈಗ ಅವ್ರೇ ಮೊದ್ಲು ಫೋನ್ ಮಾಡಿ ಹೆಸರು ಬರಿಸ್ತಾರ.

ಇದು ಸಾಧ್ಯ ಆಗೋದು ಕಡಕ್ ರೊಟ್ಟಿ ಇರೋದ್ರಿಂದ. ಮೆತ್ತನ ರೊಟ್ಟಿ ಅವತ್ತಿಂದು ಅವತ್ತೇ, ಕಡಕ್ ರೊಟ್ಟಿ ಹಂಚಿನ ಮ್ಯಾಲ ಬೇಯಿಸಿ ಆಮ್ಯಾಲ ಸಣ್ಣ ಉರಿಗಿ ನೀರಿನ ಅಂಶ ಪೂರಾ ಹೋಗೋ ತನಕ ಒಣಗಿಸಿದ್ರ, ಗಾಳಿ ಆಡದಂಗ ಕಟ್ಟಿಟ್ರ, ತಿಂಗಳ ಮ್ಯಾಲೂ ಇರ್ತದ. ಅಂದ್ರ ನನ್ನ ರಜಾ ನಾನೇ ಮುಂಚಿತ ಮಾಡಿ ಡಬ್ಬಿದಾಗ ಇಟ್ಕೋಬಹುದು. ಹಬ್ಬ ಎರಡು ವಾರ ಇರ್ಲಿಕ್ಕೇ ದಿನಾ ಒಂದಿಷ್ಟು ಹೆಚ್ಚಿಗಿ ಕಡಕ್ ಮಾಡಿ ತೆಗೆದಿಡ್ತೀವಿ, ಹಬ್ಬದ ವಾರ ಮೆತ್ತನ ರೊಟ್ಟಿ ಆರ್ಡರ್ ಕಮ್ಮಿ ಹಿಡಿತೀವಿ. ಹಿಟ್ಟು ಮಾತ್ರ ಮುಂಚಿತ ಬೀಸಿ ಇಡಬ್ಯಾಡ್ರಿ, ಹಳೆ ಹಿಟ್ಟಿಗಿ ಜಿಗಿ ಹೋಗ್ತದ, ಬಡಿಯೋವಾಗ ಅಂಚು ಸೀಳ್ತದ.

ನನ್ನ ಕಡಿ ಬರೋ ಹೆಣ್ಮಕ್ಕಳಾಗ ಲಿಂಗಾಯತರೂ ಅವ್ರ, ಹೊಲೆಯ ಮಾದಿಗ ಸಮಾಜದವ್ರೂ ಅವ್ರ, ಮುಸಲ್ಮಾನರೂ ಅವ್ರ. ಅದಕ್ಕ ವರ್ಷದ ಶುರುದಾಗ ನಾವೆಲ್ಲ ಕೂತು ಕ್ಯಾಲೆಂಡರ್‌ದಾಗ ಎಲ್ಲರ ಹಬ್ಬಾನೂ ಗುರ್ತು ಮಾಡ್ತೀವಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ ಪಕ್ಕಾ ತಾರೀಖು, ಅದರದೇನು ಚಿಂತಿ ಇಲ್ಲ. ಶರಣಬಸವೇಶ್ವರ ತೇರು ಹೋಳಿ ಹುಣ್ಣಿಮಿ ಆದ ಐದನೇ ದಿನಕ್ಕ ಬರ್ತದ, ಅದೂ ಲೆಕ್ಕ ಸಿಗ್ತದ. ಖ್ವಾಜಾ ಬಂದೇನವಾಜ್ ಉರುಸು ಮುಸಲ್ಮಾನರ ಹಿಜರಿ ಕ್ಯಾಲೆಂಡರ್ ಪ್ರಕಾರ ಬರ್ತದ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದ ಸರೀತದ, ಅದನ್ನ ಪ್ರತಿ ಸಲ ಹೊಸದಾಗಿ ಕೇಳಿ ಬರ್ಕೋಬೇಕು. 2025ರಾಗ ಏನಾಯ್ತು ಅಂದ್ರ ಮಾರ್ಚ್ 2ಕ್ಕ ರೋಜಾ ಚಾಲೂ, ನಡಬರಕ ಹೋಳಿ, ಅದರ ಬೆನ್ನಿಗೇ ಶರಣಪ್ಪನ ಜಾತ್ರಿ, ಮಾರ್ಚ್ 30 ಯುಗಾದಿ, 31ಕ್ಕ ಈದ್. ಕ್ಯಾಲೆಂಡರ್ ಮೊದ್ಲೇ ನೋಡಿದ್ದಕ್ಕ ಆ ತಿಂಗಳು ಪಾರಾದ್ವಿ ನೋಡ್ರಿ. ರೋಜಾ ಇದ್ದವ್ರು ಬೆಂಕಿ ಮುಂದ ಕೂಡೋದು ಬ್ಯಾಡ ಅಂತ ಸಹರಿ (ರೋಜಾ ಹಿಡಿಯೋ ಮುಂಚಿನ ಊಟ) ಮುಗಿಸಿ ನಸುಕಿನಾಗೇ ಬಂದು ಮುಂಜಾನಿ ಎಂಟರೊಳಗ ಮನಿಗಿ, ತೇರಿನ ದಿನ ಅವ್ರು ನಮ್ಮ ಪಾಳಿ ಹಿಡಿದ್ರು, ಈದ್ ದಿನ ನಾವು ಅವ್ರ ಪಾಳಿ. ಯಾರೂ ಯಾರಿಗೂ ಉಪಕಾರ ಮಾಡಿದಂಗ ಅಲ್ಲ, ಬರೋಬರಿ ಅದಲಾ ಬದಲಿ.

ಮದ್ವಿ ಸೀಜನ್ ಇನ್ನೂ ಕಠಿಣ. ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ ಬರ್ತಾವ, ಅವತ್ತು ಊರೂರಿಗಿ ಮದ್ವಿ. ಕಲಬುರಗಿ ಬಿಸಲು ನಿಮಗ ಗೊತ್ತೇ ಅದ, ಮೇ ತಿಂಗಳಾಗ 42-43 ಡಿಗ್ರಿ, ಹತ್ತು ಗಂಟಿ ಆದಮ್ಯಾಲ ಒಲಿ ಮುಂದ ಕೂಡ್ಲಿಕ್ಕಿ ಆಗಂಗಿಲ್ಲ. ಮದ್ವಿಗಿ ಪೂರಾ ಮೂರು ದಿನ ಹೋಗಿ ಕೂಡೋದು ನನಗ ಈಗ ಆಗಲ್ಲ. ತೀರಾ ಹತ್ತಿರದವ್ರು, ಅಂದ್ರ ಅಣ್ಣ ತಮ್ಮ ನಾದಿನಿ ಮಕ್ಕಳದಾದ್ರ ಅರಿಶಿಣದಿಂದ ಇರ್ತೀನಿ, ಉಳಿದವ್ರದು ಅಕ್ಕಿಕಾಳಿಗಿ (ಅಕ್ಷತಿ ಹಾಕೋ ಹೊತ್ತಿಗಿ) ಹೋಗಿ ಆಯೇರಿ (ಮುಯ್ಯಿ) ಮಾಡಿ ಊಟ ಮಾಡಿ ಬರ್ತೀನಿ. ಇದನ್ನ ಮೊದ್ಲೇ ಫೋನ್ ಮಾಡಿ ಬಾಯಿಲೆ ಹೇಳ್ತೀನಿ, ವಾಟ್ಸಾಪ್ ಮೆಸೇಜ್ ಹಾಕಂಗಿಲ್ಲ, ಯಾಕಂದ್ರ ದನಿ ಕೇಳಿದ್ರ ಮಂದಿಗಿ ಸಮಾಧಾನ ಆಗ್ತದ.

ರೊಕ್ಕದ ವಿಷಯಕ್ಕ ಬರ್ತೀನಿ, ನನ್ನ ಪ್ರಕಾರ ಇದೇ ಮುಖ್ಯ. ಬೀಗರು, ಬಳಗದವ್ರು ಆರ್ಡರ್ ಕೊಟ್ರ ರೇಟ್ ಏನು ಹಚ್ಚಬೇಕು? ಭಾಳ ಮಂದಿ ಹೆಣ್ಮಕ್ಕಳು ಇಲ್ಲೇ ಸೋತು ಧಂಧಾ ಬಿಡ್ತಾರ, ನಾ ನೋಡೀನಿ. ನಂದು ಒಂದೇ ಮಾತು, ಬಿಲ್ ಬ್ಯಾರೆ, ಆಯೇರಿ ಬ್ಯಾರೆ. ರೊಟ್ಟಿಗಿ ಪೂರಾ ರೇಟ್ ತಗೋತೀನಿ, ಯಾಕಂದ್ರ ಅದರಾಗ ಬಡಿದವಳ ಕೂಲಿ ಅದ, ಅದನ್ನ ಬಿಡ್ಲಿಕ್ಕಿ ನಾ ಯಾರು? ಆಮ್ಯಾಲ ಮದ್ವಿಗಿ ಹೋಗಿ ನನ್ನ ಕೈಲಾದಷ್ಟು ಆಯೇರಿ ನನ್ನ ಸ್ವಂತ ರೊಕ್ಕದಾಗ ಮಾಡ್ತೀನಿ. ನಮ್ಮತ್ತಿಯವ್ರ ಹತ್ರ ಒಂದು ವಹಿ ಅದ, ಯಾರು ನಮಗ ಏನು ಆಯೇರಿ ಮಾಡಿದ್ರು ಅಂತ ಬರೆದಿಟ್ಟಿದ್ದು, ಅದನ್ನ ನೋಡಿ ಪ್ರತಿ ತಿಂಗಳು ಗಲ್ಲಾದಾಗಿಂದ ನನ್ನ ಪಗಾರ ಅಂತ ತೆಗೆದಿದ್ದರಾಗ ಒಂದು ಪಾಲು ಆಯೇರಿಗಿ ಅಂತ ಬ್ಯಾರೆ ಡಬ್ಬಿಗಿ ಹಾಕ್ತೀವಿ. ಗಲ್ಲಾಕ್ಕ ನೇರ ಕೈ ಹಾಕಂಗಿಲ್ಲ. ಫೆಬ್ರವರಿ ಮಾರ್ಚ್‌ದಾಗ ಹಿಂಗಾರಿ ಬಿಳಿ ಜೋಳ ಗಂಜಿಗಿ, ಅಂದ್ರ ಕಾಳಿನ ಮಾರ್ಕೆಟ್ಟಿಗಿ ಬರ್ತದ, ವರ್ಷಕ್ಕಾಗೋ ಜೋಳ ಆವಾಗೇ ಹಿಡಿಬೇಕು, ಮಳಿಗಾಲದಾಗ ರೇಟ್ ಏರ್ತದ. ಮದ್ವಿ, ಜಾತ್ರಿ ಖರ್ಚು ಸುದ್ದಾ ಅದೇ ಟೈಮಿಗಿ. ಎರಡೂ ಒಂದೇ ಡಬ್ಬಿದಾಗ ಇದ್ರ ಜೋಳದ ರೊಕ್ಕ ಸೀರಿಗಿ ಹೋಗ್ತದ.

ಸತ್ತ ಮನಿಗಿ ಮಾತ್ರ ಬಿಲ್ ಇಲ್ಲ. ನಮ್ಮಲ್ಲಿ ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ, ಓಣಿಯವ್ರು ಬಳಗದವ್ರು ರೊಟ್ಟಿ ಝುಣಕ ಒಯ್ತಾರ, ನಮ್ಮ ಓಣ್ಯಾಗ ಯಾರೇ ಸತ್ರೂ, ಯಾವ ಜಾತಿಯವ್ರೇ ಇರ್ಲಿ, ಮೊದಲ ಬುತ್ತಿ ನನ್ನ ಕಡಿಂದ ಹೋಗ್ತದ. ಮಣ್ಣಿಗಿ ಹೋಗೋದಿದ್ರ ನಡಬರಕ ಒಲಿ ಆರಿಸಿ ಹೋಗ್ತೀನಿ, ಆರ್ಡರ್ ಇದ್ದವ್ರಿಗಿ ಹೇಳಿದ್ರ ಇಲ್ಲಿ ತನಕ ಒಬ್ಬರೂ ಬೇಜಾರ ಮಾಡ್ಕೊಂಡಿಲ್ಲ.

ಮನಿ ಒಳಗಿಂದು ಹೇಳ್ಬೇಕಂದ್ರ, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷಾ ಇದ್ದಾಗ ಹೊಸ ಗಿರಾಕಿ ತಗೊಳ್ಳೋದೇ ಬಂದ್ ಮಾಡಿದ್ದೆ, ಸಂಜಿ ಹೊತ್ತು ಪೂರಾ ಅವಳದು. ಯಜಮಾನ್ರು ಡ್ಯೂಟಿಗಿ ಹೋಗೋ ಮುಂದ ಖಾನಾವಳಿಗೋಳಿಗಿ ರೊಟ್ಟಿ ಮುಟ್ಟಿಸ್ತಾರ, ಅದು ಅವ್ರ ಕೆಲಸ ಅಂತ ಮೊದ್ಲೇ ಗಟ್ಟಿ ಆಗ್ಯಾದ.

ಜಿಲ್ಲಾಡಳಿತದವ್ರು ಕಲಬುರಗಿ ರೊಟ್ಟಿ ಅಂತ ಬ್ರ್ಯಾಂಡ್ ತಂದಮ್ಯಾಲ ಭಾಳ ಹೆಣ್ಮಕ್ಕಳು ನಾವೂ ಶುರು ಮಾಡ್ಬೇಕು ಅಂತ ಕೇಳ್ಲತ್ತಾರ. ಅವ್ರಿಗಿ ನಾ ಹೇಳೋದು ಆಷಾಢದಾಗ ಶುರು ಮಾಡ್ರಿ ಅಂತ. ಮದ್ವಿ ಇರಂಗಿಲ್ಲ, ಆರ್ಡರ್ ಕಮ್ಮಿ, ಒಬ್ಬೊಬ್ಬರ ಕೈ ಎಷ್ಟು ಓಡ್ತದ ಅನ್ನೋ ಅಂದಾಜು ಸಿಗ್ತದ. ಆದ್ರ ಅದೇ ಟೈಮಿಗಿ ತೊಗರಿ ಬಿತ್ತಿ ಹೊಲದಾಗ ಕಸ ತೆಗಿಯೋ ಕೆಲಸ ಜೋರು ಇರ್ತದ, ಹೊಲಕ್ಕ ಹೋಗೋ ಹೆಣ್ಮಕ್ಕಳಿಗಿ ಮುಂಜಾನಿ ಬ್ಯಾಡ, ಮಧ್ಯಾಹ್ನದ ಮ್ಯಾಲಿನ ಪಾಳಿ ಕೊಡ್ರಿ.