ಬಚ್ಚಲಿನ ಕಿಂಡಿ ಮುಚ್ಚಬೇಡಿ

ಮಳೆಗಾಲ ಶುರುವಾದರೆ ನಮ್ಮ ಕಾಸರಗೋಡು ಕಡೆ ಎಲ್ಲರಿಗೂ ಸ್ನಾನಕ್ಕೆ ಬಿಸಿನೀರೇ ಬೇಕು. ಮೊದಲೆಲ್ಲ ಬಚ್ಚಲು ಮನೆಯಿಂದ ಬೇರೆಯೇ ಇರುತ್ತಿತ್ತು. ಹಂಡೆಯ ಒಲೆಗೆ ಮಡಲು, ಗೆರಟೆ ತುರುಕಿದರೆ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗ ತಾರಸಿ ಮನೆ, ಟೈಲ್ಸ್ ಹಾಕಿದ ಸಣ್ಣ ಬಾತ್‌ರೂಮು, ಗೋಡೆಯಲ್ಲಿ ಗ್ಯಾಸ್ ಗೀಸರ್. ಎರಚಲು ಬರುತ್ತದೆ, ನುಸಿ ಬರುತ್ತದೆ ಎಂದು ಇದ್ದ ಒಂದು ಕಿಂಡಿಗೂ ಪ್ಲಾಸ್ಟಿಕ್ ಹೊಡೆದುಬಿಡುತ್ತಾರೆ. ನನಗೆ ಹೆದರಿಕೆ ಅದರದ್ದೇ.

ಗ್ಯಾಸ್ ಉರಿಯಲು ತುಂಬಾ ಗಾಳಿ ಬೇಕು. ಒಂದು ಪಾಲು ಗ್ಯಾಸಿಗೆ ಸುಮಾರು 25ರಿಂದ 30 ಪಾಲು ಗಾಳಿ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಬೇಗ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಲೀಕಾದಾಗ ಬರುವ ವಾಸನೆ ನಮಗೆ ಗೊತ್ತಾಗಲಿ ಎಂದೇ ಬೆರೆಸಿದ್ದು, ಈ ವಿಷಗಾಳಿಗೆ ಅದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ. ಆಮೇಲೆ ಬಾಗಿಲ ಚಿಲಕ ತೆಗೆಯಲೂ ಕೈಯಲ್ಲಿ ಬಲ ಇರುವುದಿಲ್ಲ.

ಹಾಗಾಗಿ ಹೊಸ ಗೀಸರ್ ತರುವವರು ಅದನ್ನು ಬಾತ್‌ರೂಮಿನ ಒಳಗೆ ಹಾಕಿಸಲೇಬೇಡಿ. ಹಿಂದಿನ ಜಗಲಿಯಲ್ಲಿ, ಮಳೆ ತಾಗದ, ಗಾಳಿ ಆಡುವ ಗೋಡೆಗೆ ಹಾಕಿಸಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಪೈಪು ಸ್ವಲ್ಪ ಜಾಸ್ತಿ ಬೇಕು ಎಂದು ಪ್ಲಂಬರ್ ಹೇಳಿದರೆ ಆ ದುಡ್ಡಿಗೆ ಚೌಕಾಸಿ ಬೇಡ. ಕಿಟಕಿಯ ಪಕ್ಕ ಮಾತ್ರ ಬೇಡ, ಹೊಗೆ ಮತ್ತೆ ಒಳಗೇ ಬರುತ್ತದೆ.

ಈಗಾಗಲೇ ಒಳಗೆ ಇದ್ದರೆ, ಹೊರಗೆ ಸಾಗಿಸುವವರೆಗೆ, ಎರಡು ಕಿಂಡಿ ತೆರೆದಿರಲಿ. ನೆಲದ ಹತ್ತಿರ ಒಂದು, ತಾರಸಿಯ ಹತ್ತಿರ ಒಂದು, ಎರಡೂ ಬಯಲಿಗೆ ತೆರೆಯಬೇಕು. ಕೆಳಗಿನದರಿಂದ ಹೊಸ ಗಾಳಿ ಬರುತ್ತದೆ, ಬಿಸಿಯಾದದ್ದು ಮೇಲಿನಿಂದ ಹೋಗುತ್ತದೆ. ಲೀಕಾದ ಗ್ಯಾಸು ಗಾಳಿಗಿಂತ ಭಾರ, ಅದಕ್ಕೂ ಕೆಳಗಿನ ಕಿಂಡಿಯೇ ದಾರಿ. ಎರಚಲಿಗೆ ಕಿಂಡಿಯ ಮೇಲೆ ಹೊರಗಿನಿಂದ ಸಣ್ಣ ತಗಡಿನ ಮಾಡು ಇಳಿಸಿದರೆ ಸಾಕು. ನುಸಿಗೆ ಬಲೆ ಹಾಕಿ, ಆದರೆ ಧೂಳು, ಜೇಡರಬಲೆ ಕಟ್ಟದ ಹಾಗೆ ಆಗಾಗ ಉಜ್ಜಿ.

‘ಎಕ್ಸಾಸ್ಟ್ ಫ್ಯಾನ್ ಇದೆ ಅಲ್ವಾ’ ಎನ್ನುವವರು ತುಂಬಾ ಜನ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನು ಏನು ಎಳೆಯಬೇಕು? ಹೊಗೆಕೊಳವೆ ಇರುವ ಗೀಸರ್ ಆದರೆ ಹೊರಗೆ ಹೋಗಬೇಕಾದ ಹೊಗೆಯನ್ನೇ ಅದು ಕೋಣೆಗೆ ವಾಪಸ್ ಎಳೆಯಬಹುದು.

ಬಾಗಿಲು ತೆರೆದಿಟ್ಟು ಬಾಲ್ದಿ ತುಂಬಿಸಿ. ಗೀಸರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಮಕ್ಕಳಿಗೆ, ಬಸುರಿಯರಿಗೆ ಇದನ್ನು ಖಡಾಖಂಡಿತ ಹೇಳಿ. ಉರಿ ನೀಲಿಯಾಗಿರಬೇಕು. ಹಳದಿಯಾದರೆ, ಮಸಿ ಕಂಡರೆ ಆ ದಿನವೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.

ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು ತೆಗೆದು ಮೊದಲು ಬಯಲಿಗೆ ಎಳೆದು ತನ್ನಿ, ಗೀಸರ್ ಆಫ್ ಮಾಡಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷ ಏರಿದ್ದರೂ ಎಲ್ಲ ಸರಿ ಇದೆ ಎಂಬಂತೆ ತೋರಿಸಬಹುದು. ಅದನ್ನು ನಂಬಿ ಮನೆಯಲ್ಲೇ ಮಲಗಿಸಿಕೊಳ್ಳಬೇಡಿ.