ಈಲಿಯ ಪ್ರಯರ್ ಮನೆ: ಶಾಲೆ ಆಗಿರೋ ಹಳೇ ಮಠದ ಕಟ್ಟಡ ನೋಡೋದು ಹೇಗೆ

ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿರೋ ಈಲಿಗೆ ಹೋದೋರೆಲ್ಲ ಕೆಥೆಡ್ರಲ್ ನೋಡ್ತಾರೆ, ಅದರ ನಡುವಿನ ಎಂಟು ಮೂಲೆಯ ಗೋಪುರ ಆಕ್ಟಗನ್ ಕೆಳಗೆ ನಿಂತು ಫೋಟೋ ತೆಗೀತಾರೆ, ಹೊರಡ್ತಾರೆ. ಅದರ ದಕ್ಷಿಣಕ್ಕೆ ಬೆನೆಡಿಕ್ಟೀನ್ ಸನ್ಯಾಸಿಗಳು ಬದುಕಿದ್ದ ಮನೆಗಳು ಇವತ್ತಿಗೂ ನಿಂತಿವೆ, ಅವುಗಳಲ್ಲಿ ಎಷ್ಟೋ ಈಗ ಕಿಂಗ್ಸ್ ಈಲಿ ಶಾಲೆಯ ಬಳಕೆಯಲ್ಲಿವೆ. ಆ ಕಡೆ ಹೋಗೋರಿಗೆ ಏನನ್ನ ಯಾವ ಕ್ರಮದಲ್ಲಿ ನೋಡಬೇಕು ಅಂತ ಬರೀತಿದೀನಿ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. 1109ರಲ್ಲಿ ಈಲಿಗೆ ಬಿಷಪ್ ಬಂದ್ಮೇಲೆ ಅಬಾಟ್ ಅಂದ್ರೆ ಮಠದ ಮುಖ್ಯಸ್ಥರ ಸ್ಥಾನ ಅವರಿಗೇ ಹೋಯ್ತು, ಆದ್ರೆ ಮಠವನ್ನ ದಿನಾ ನಡೆಸ್ತಿದ್ದದ್ದು ಪ್ರಯರ್. ಸಾಮಾನ್ಯ ಸನ್ಯಾಸಿಗಳು ಒಂದೇ ದೊಡ್ಡ ಹಾಲ್‌ನಲ್ಲಿ ಸಾಲಾಗಿ ಮಲಗಬೇಕಿತ್ತು, ಪ್ರಯರ್‌ಗೆ ಮಾತ್ರ ಬೇರೆ ಮನೆ, ಯಾಕಂದ್ರೆ ದೊಡ್ಡ ದೊಡ್ಡ ಅತಿಥಿಗಳನ್ನ ಇಳಿಸ್ಕೊಂಡು ಸತ್ಕರಿಸೋ ಜವಾಬ್ದಾರಿ ಅವರದ್ದು. ಅದಕ್ಕೇ ಪ್ರಯರ್ ಮನೆಗೆ ಸ್ವಂತ ಹಾಲ್, ಸ್ವಂತ ಕೋಣೆಗಳು, ಸ್ವಂತ ಚಾಪೆಲ್ (ಪುಟ್ಟ ಪ್ರಾರ್ಥನಾ ಮಂದಿರ) ಕಾಣೋದು. ಇದು ಗೊತ್ತಿಲ್ದೇ ಹೋದ್ರೆ ಮಠದೊಳಗೆ ಇಷ್ಟು ಠೀವಿ ಯಾಕೆ ಅಂತಾನೇ ಅರ್ಥ ಆಗಲ್ಲ.

ಎಲ್ರೂ ಮೊದಲು ಕಿಟಕಿ ನೋಡ್ತಾರೆ, ನೀವು ಹಾಗೆ ಮಾಡ್ಬೇಡಿ. ಕಟ್ಟಡದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಗೋದೇ ಕಿಟಕಿ, ಅದನ್ನ ನಂಬಿ ವಯಸ್ಸು ಹೇಳಿದ್ರೆ ಇನ್ನೂರು ಮುನ್ನೂರು ವರ್ಷ ತಪ್ಪಾಗಬಹುದು. ಬುಡದಿಂದ ಶುರು ಮಾಡಿ. ಈ ತರದ ಮನೆಗಳಲ್ಲಿ ಕೆಳಗಡೆ ಕಲ್ಲಿನ ಕಮಾನು ಚಾವಣಿಯ ಉಗ್ರಾಣ, ಜನ ವಾಸ ಮಾಡ್ತಿದ್ದದ್ದು ಮೇಲೆ. ಕೆಳಗಿನ ಕಮಾನು ಪೂರ್ತಿ ಗುಂಡಗಿದ್ರೆ 12ನೇ ಶತಮಾನದ ಆಸುಪಾಸು, ತುದಿ ಚೂಪಾಗಿದ್ರೆ ಸಾಮಾನ್ಯವಾಗಿ ಅದರ ನಂತರದ್ದು. ಮೇಲೆ ಎಷ್ಟೇ ರಿಪೇರಿ ಆಗಿದ್ರೂ ಭಾರ ಹೊತ್ತಿರೋ ಆ ಕೆಳಗಿನ ಕಲ್ಲನ್ನ ಅಷ್ಟು ಸುಲಭಕ್ಕೆ ಯಾರೂ ಮುಟ್ಟಲ್ಲ.

ಆಮೇಲೆ ಗೋಡೆ. ಬೆಳಿಗ್ಗೆ ಇಲ್ಲಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ, ಮುಚ್ಚಿದ ಬಾಗಿಲು, ಒಡೆದು ಹಾಕಿದ ಚಾವಣಿಯ ಗುರುತು ಎಲ್ಲಾ ಆಗ ಎದ್ದು ಕಾಣುತ್ತೆ, ನಡು ಮಧ್ಯಾಹ್ನ ಇವು ಕಣ್ಣಿಗೇ ಬೀಳಲ್ಲ. ಕಲ್ಲಲ್ಲೂ ವ್ಯತ್ಯಾಸ ಇದೆ: ಬಾರ್ನಾಕ್ ಅನ್ನೋ ಊರಿನ ಕಡೆಯಿಂದ ತಂದ ಸುಣ್ಣಕಲ್ಲು ಗಟ್ಟಿ, ಅಂಚು ಇನ್ನೂ ಚೂಪಾಗಿರುತ್ತೆ, ಕ್ಲಂಚ್ ಅನ್ನೋ ಬಿಳಿ ಸೀಮೆಸುಣ್ಣದಂಥ ಕಲ್ಲು ಮೆತ್ತಗೆ, ಸೂಕ್ಷ್ಮ ಕೆತ್ತನೆಗೆ ಚೆನ್ನ ಆದ್ರೆ ಮಳೆಗೆ ಸವೆದು ಹೋಗುತ್ತೆ. ಕಲ್ಲಿನ ಸಾಲು ಇದ್ದಕ್ಕಿದ್ದಂಗೆ ಎಲ್ಲಿ ಮುರಿಯುತ್ತೋ ಅಲ್ಲಿ ಕೆಲಸ ನಿಂತು ಮತ್ತೆ ಶುರುವಾಗಿರಬಹುದು, ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕೊನೆಗೆ ಕಿಟಕಿ, ಚಿಮಣಿ. ಮೇಲೆ ಕೆಳಗೆ ಜಾರೋ ಮರದ ಚೌಕಟ್ಟಿನ ಕಿಟಕಿ ಕಂಡ್ರೆ ಅದು ಮಠ ಮುಚ್ಚಿ ಎಷ್ಟೋ ಕಾಲ ಆದ್ಮೇಲಿನದು.

ಇಷ್ಟು ಕಣ್ಣಿಗೆ ರೂಢಿ ಆದ್ಮೇಲೆ ಪ್ರಯರ್ ಕ್ರೌಡನ್ ಚಾಪೆಲ್ ಹತ್ರ ಬನ್ನಿ. ನನ್ನ ಪ್ರಕಾರ ಇಡೀ ಆವರಣದಲ್ಲಿ ಜಾಸ್ತಿ ಟೈಮ್ ಕೊಡಬೇಕಾದ ಜಾಗ ಇದು. ಜಾನ್ ಕ್ರೌಡನ್ 1321ರಿಂದ 1341ರವರೆಗೆ ಪ್ರಯರ್ ಆಗಿದ್ದವರು. 1322ರಲ್ಲಿ ಕೆಥೆಡ್ರಲ್‌ನ ನಡುಗೋಪುರ ಕುಸಿದು ಬಿತ್ತು, ಆ ಜಾಗದಲ್ಲಿ ಆಕ್ಟಗನ್ ಎದ್ದೇಳ್ತಿದ್ದ ಕಾಲದಲ್ಲೇ, 1324ರ ಸುಮಾರಿಗೆ, ಈ ಪುಟ್ಟ ಚಾಪೆಲ್ಲೂ ಕಟ್ಟಿದ್ರು. ಇದೂ ಕಮಾನಿನ ನೆಲಮಾಳಿಗೆ ಮೇಲೇ ನಿಂತಿದೆ, ಹಾಗಾಗಿ ಒಳಗೆ ಹೋಗೋಕೆ ಮೆಟ್ಟಿಲು ಹತ್ತಬೇಕು. ಅಗಲ ಕಮ್ಮಿ, ಎತ್ತರ ಜಾಸ್ತಿ, ಒಳಗೆ ಹೋದ ತಕ್ಷಣ ಕಣ್ಣು ತಾನಾಗೇ ಮೇಲೆ ಹೋಗುತ್ತೆ, ಆದ್ರೂ ನೆಲ ನೋಡೋದು ಮರೀಬೇಡಿ. ಅಲ್ಲಿರೋದು ಮಧ್ಯಯುಗದ ಟೈಲ್ಸ್, ಬೇಕಾದ ಆಕಾರಕ್ಕೆ ತುಂಡು ತುಂಡಾಗಿ ಮಾಡಿ ಜೋಡಿಸಿದ್ದು: ಆಡಮ್, ಈವ್, ನಡುವೆ ಮರ, ಮರಕ್ಕೆ ಸುತ್ಕೊಂಡ ಹಾವು. ಟೈಲ್ಸ್ ಮಧ್ಯದ ಸಂದಿನ ಗೆರೆಯನ್ನ ಕಣ್ಣಲ್ಲೇ ಹಿಂಬಾಲಿಸಿ, ಮೈಯ ಬಾಗು ಹೆಂಗೆ ಮೂಡಿಸಿದಾರೆ ಅಂತ ತಿಳಿಯುತ್ತೆ.

1539ರಲ್ಲಿ ಎಂಟನೇ ಹೆನ್ರಿ ಮಠ ಮುಚ್ಚಿಸಿದ, 1541ರಲ್ಲಿ ಅವನೇ ಶಾಲೆಗೆ ಹೊಸ ರೂಪ ಕೊಟ್ಟ. ಈ ಚಾಪೆಲ್ ವಾಸದ ಮನೆಯಾಗಿ ಮಾರ್ಪಾಡಾಯ್ತು, 19ನೇ ಶತಮಾನದಲ್ಲಿ ಮತ್ತೆ ಸರಿಪಡಿಸಿದ್ರು. ಯಾರೋ ಬಳಸ್ತಾ ಇದ್ರು ಅನ್ನೋ ಕಾರಣಕ್ಕೇ ಮಾಡು ಉಳೀತು, ಮಾಡು ಉಳಿದಿದ್ದಕ್ಕೆ ಗೋಡೆ ಉಳೀತು. ಬಳಕೆಯಿಂದಾದ ಗಾಯಗಳನ್ನ ಬೈಯೋರು ಇದನ್ನೂ ನೋಡ್ಬೇಕು. ಪಕ್ಕದ ಹಳೇ ಆಸ್ಪತ್ರೆ ಕಟ್ಟಡ ನೋಡಿ, ಅದರ ನಡು ಹಾಲ್‌ನ ಮಾಡು ಹೋಗಿ ಅದೇ ಈಗ ಓಣಿ, ಎರಡೂ ಬದಿಯ ಮನೆಗಳ ಗೋಡೇಲಿ ಆ ಗುಂಡು ಕಮಾನುಗಳು ಇನ್ನೂ ಹಂಗೇ ಹುದುಗಿವೆ.

ಟೈಮ್ ಉಳಿದ್ರೆ 1397ರ ಸುಮಾರಿಗೆ ಶುರುವಾದ ಪೋರ್ಟಾ ಹೆಬ್ಬಾಗಿಲು, ಈಗ ಶಾಲೆಯ ಊಟದ ಹಾಲ್ ಆಗಿರೋ ಮಠದ ಕಣಜ ಎರಡನ್ನೂ ಹೊರಗಿಂದ ನೋಡ್ಕೊಂಡು ಬನ್ನಿ. ಇದು ಮಕ್ಕಳು ಓದ್ತಿರೋ ಶಾಲೆ, ಹೇಳದೇ ಕೇಳದೇ ಒಳಗೆ ನುಗ್ಗಬೇಡಿ, ಫೋಟೋದಲ್ಲಿ ಮಕ್ಕಳು ಬರದಂಗೆ ನೋಡ್ಕೊಳ್ಳಿ, ಚಾಪೆಲ್ ಒಳಗೆ ಹೋಗ್ಬೇಕಂದ್ರೆ ಮೊದಲೇ ವಿಚಾರಿಸಿ.