ಹದಿನೇಳು ವರ್ಷದ ಪೋರ್ಷೆಗೆ ಇನ್ಶೂರೆನ್ಸ್ ಮಾಡಿಸಿದ ಕಥೆ

ಕಾಫಿಗೆ ಒಳ್ಳೆಯ ರೇಟ್ ಬಂದ 2024ರಲ್ಲಿ ನಮ್ಮ ಕಡೆ ಕೆಲವರು ಹೊಸ ಜೀಪ್ ತಗೊಂಡರು, ಕೆಲವರು ಸಾಲ ತೀರಿಸಿದರು. ನಾನು ಬೆಂಗಳೂರಿನಿಂದ 2007ರ ಪೋರ್ಷೆ ಬಾಕ್ಸ್‌ಸ್ಟರ್ ತಂದೆ. ಎರಡೇ ಸೀಟು, ಬಟ್ಟೆಯ ಟಾಪು, 2,687 ಸಿಸಿ ಇಂಜಿನ್. ಆಲ್ದೂರಿನ ಹತ್ತಿರದ ನಮ್ಮ ತೋಟದ ಮನೆಗೆ ಅದು ಬರುವುದೇ ಇಲ್ಲ. ಗೇಟು ದಾಟಿದ ಮೊದಲ ಗುಂಡಿಗೇ ಹೊಟ್ಟೆ ತಾಗುತ್ತದೆ. ಹಾಗಾಗಿ ಚಿಕ್ಕಮಗಳೂರು ಟೌನಿನಲ್ಲಿ ಭಾವನ ಮನೆ ಶೆಡ್ಡೇ ಅದರ ಮನೆ. ಹೆಂಡತಿ ಕೇಳಿದ್ದು ಒಂದೇ ಮಾತು: "ಇದರ ಇನ್ಶೂರೆನ್ಸ್ ಎಷ್ಟಾಗುತ್ತೆ?"

ಉತ್ತರ ಸಿಗಲು ಐದು ವಾರ ಬೇಕಾಯ್ತು.

ಮಾರಿದವರ ಪಾಲಿಸಿ ಮುಗಿದು ನಾಲ್ಕು ತಿಂಗಳಾಗಿತ್ತು. ಗಾಡಿ ಬಂದಿದ್ದೇ ಲಾರಿ ಮೇಲೆ. ಅವತ್ತು ಸಂಜೆಯೇ ಬರೀ ಥರ್ಡ್ ಪಾರ್ಟಿ ಮಾಡಿಸಿದೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ. ಅದಿಲ್ಲದೆ ರಸ್ತೆಗಿಳಿಸುವ ಹಾಗಿಲ್ಲ, ಅದರಲ್ಲಿ ಚೌಕಾಸಿಯೂ ಇಲ್ಲ. ರೇಟು ಸರ್ಕಾರದ್ದು: ಆಗ 1500 ಸಿಸಿ ದಾಟಿದ ಕಾರಿಗೆ 7,897 ರೂಪಾಯಿ, ಜಿಎಸ್‌ಟಿ ಸೇರಿ 9,318. ಪೋರ್ಷೆಗೂ ಅಷ್ಟೇ, ಪಕ್ಕದ ಮನೆ ಇನ್ನೋವಾಗೂ ಅಷ್ಟೇ. ವಿಂಟೇಜ್ ಅಂತ ರಿಜಿಸ್ಟರ್ ಆದ ಕಾರಿಗೆ ಇದರಲ್ಲಿ ಅರ್ಧ ಬಿಡುತ್ತಾರೆ. ಆದರೆ ಅದಕ್ಕೆ ಗಾಡಿಗೆ 50 ವರ್ಷ ಆಗಿರಬೇಕು. ನನ್ನದಕ್ಕೆ 2057ರ ತನಕ ಕಾಯಬೇಕು. ಅಷ್ಟರಲ್ಲಿ ನನಗೇ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಾಗಿರುತ್ತೆ.

ತಲೆನೋವು ಶುರುವಾಗಿದ್ದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆಗುವ ಹಾನಿಯ ಇನ್ಶೂರೆನ್ಸ್ ವಿಷಯದಲ್ಲಿ. 2019ರಿಂದ ಇದನ್ನು ಥರ್ಡ್ ಪಾರ್ಟಿಯಿಂದ ಬೇರೆ ಮಾಡಿ, ಬೇರೆ ಕಂಪನಿಯಲ್ಲೂ ತಗೊಳ್ಳಬಹುದು. ಮೊಬೈಲಿನಲ್ಲಿ ನಂಬರ್ ಹಾಕಿದರೆ ಎರಡು ಕಡೆ ಕೋಟ್ ಇಲ್ಲ ಅಂತ ಬಂತು. ಫೋನ್ ಮಾಡಿದ ಒಬ್ಬ ಏಜೆಂಟರು ಗಾಡಿಯ ಬೆಲೆ, ಅಂದರೆ ಐಡಿವಿ, 22 ಲಕ್ಷ ಹಿಡಿದರು. ಎಲ್ಲ ಸೇರಿ ಪ್ರೀಮಿಯಂ ಲಕ್ಷ ದಾಟಿತು. ಇನ್ನೊಬ್ಬರು ಕೇಳಿ ನಕ್ಕು, "ಸಾರ್, ಸುಮ್ನೆ ಯಾಕೆ? ಐಡಿವಿ 4 ಲಕ್ಷ ಹಾಕಿ ಮುಗಿಸಿಬಿಡೋಣ, ಪ್ರೀಮಿಯಂ ಏನೂ ಆಗಲ್ಲ" ಅಂದರು.

ಒಂದು ರಾತ್ರಿ ಆ 4 ಲಕ್ಷಕ್ಕೆ ನಾನೂ ಮನಸ್ಸು ಮಾಡಿದ್ದೆ. ಬೆಳಿಗ್ಗೆ ಭಾವ ಒಂದು ಲೆಕ್ಕ ಹಾಕಿಸಿದ. ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದರೆ ಕಂಪನಿ ಅದನ್ನು ಟೋಟಲ್ ಲಾಸ್ ಅನ್ನುತ್ತದೆ. 4 ಲಕ್ಷಕ್ಕೆ ಆ ಗೆರೆ 3 ಲಕ್ಷ. ಬಾಕ್ಸ್‌ಸ್ಟರಿನ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿ ಕೂತಿವೆ. ಮೂಡಿಗೆರೆ ರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ಬಂದರೆ ಬಂಪರು, ಹೆಡ್‌ಲೈಟು, ರೇಡಿಯೇಟರು, ಮಡ್‌ಗಾರ್ಡು ಒಟ್ಟಿಗೇ ಹೋಗುತ್ತವೆ. 3 ಲಕ್ಷ ಸಾಕಾಗಲ್ಲ. ಆಮೇಲೆ ಕೈಗೆ 4 ಲಕ್ಷ ಬರುತ್ತೆ, ಗಾಡಿ ಗುಜರಿಗೆ ಹೋಗುತ್ತೆ. ಅಗ್ಗದ ಪಾಲಿಸಿ ಅಂದ್ರೆ ಇದೇ ಅಲ್ವಾ?

ಆಮೇಲೆ ಫೋನು ಬಿಟ್ಟು ಟೌನಿನಲ್ಲೇ ಇರುವ ಒಂದು ಬ್ರಾಂಚಿಗೆ ಹೋಗಿ ಕೂತೆ. ಐದು ವರ್ಷ ದಾಟಿದ ಗಾಡಿಯ ಐಡಿವಿಗೆ, ವಯಸ್ಸು ನೋಡಿ ಬೆಲೆ ಇಳಿಸುವ ಸವಕಳಿಯ ಪಟ್ಟಿ ಇಲ್ಲ. ಕಂಪನಿಯವರೂ ನಾವೂ ಕೂತು ಒಪ್ಪಿದ್ದೇ ಬೆಲೆ. ಇದು ಗೊತ್ತಾದ ಮೇಲೆ ಧೈರ್ಯ ಬಂತು. ಖರೀದಿ ಪತ್ರ, ಹಳೆಯ ಸರ್ವಿಸ್ ಬಿಲ್ಲುಗಳು, ಅದೇ ಮಾಡೆಲ್ ಬೆಂಗಳೂರಲ್ಲಿ ಎಷ್ಟಕ್ಕೆ ಮಾರಾಟಕ್ಕಿದೆ ಅನ್ನುವ ಪ್ರಿಂಟು, ಎಲ್ಲ ಮೇಜಿನ ಮೇಲಿಟ್ಟೆ. ಮ್ಯಾನೇಜರ್ 10 ಅಂದರು, ನಾನು 14 ಅಂದೆ, 12 ಲಕ್ಷಕ್ಕೆ ನಿಂತಿತು. ಅಡಿಕೆ ವ್ಯಾಪಾರದ ಹಾಗೇ.

ಪಾಲಿಸಿ ಮಧ್ಯೆ ತುಂಡಾಗಿದ್ದರಿಂದ ಇನ್‌ಸ್ಪೆಕ್ಷನ್ ಬೇಕಿತ್ತು. ಬಂದ ಹುಡುಗ ಮುಂದಿನ ಬಾನೆಟ್ ತೆಗೆದ. ಖಾಲಿ ಡಿಕ್ಕಿ. ಹಿಂದೆ ತೆಗೆದ. ಅಲ್ಲೂ ಡಿಕ್ಕಿ, ಮೂಲೆಯಲ್ಲಿ ಇಂಜಿನ್ ಆಯಿಲ್ಲಿಗೂ ಕೂಲಂಟಿಗೂ ಒಂದೊಂದು ಮುಚ್ಚಳ. "ಇಂಜಿನ್ ಎಲ್ಲಿ ಸಾರ್?" ಅಂದ, ನಾನೇನೋ ಬಿಚ್ಚಿ ಮಾರಿಕೊಂಡಿದ್ದೇನೆ ಅನ್ನುವ ಮುಖದಲ್ಲಿ. ಸೀಟಿನ ಬೆನ್ನಿಗೇ ಇದೆ ಮಾರಾಯ ಅಂದರೆ ನಂಬಲಿಲ್ಲ. ಚಾಸಿಸ್ ನಂಬರ್ ಮುಂದಿನ ಗ್ಲಾಸಿನ ಮೂಲೆಯಲ್ಲಿ ಕಂಡಿತು. ಇಂಜಿನ್ ನಂಬರಿಗೆ ಗಾಡಿಯನ್ನು ವಾಟರ್ ಸರ್ವಿಸ್‌ನವರ ರ‍್ಯಾಂಪ್ ಹತ್ತಿಸಿ, ಕೆಳಗಿನಿಂದ ಟಾರ್ಚ್ ಬಿಟ್ಟು ಫೋಟೋ ತೆಗೆದೆವು. ಅದಕ್ಕೇ ಅರ್ಧ ದಿನ ಹೋಯ್ತು.

ಪ್ರೀಮಿಯಂ ಇಳಿದದ್ದು ಎರಡು ಕಾರಣಕ್ಕೆ. ಒಂದು, 15,000 ರೂಪಾಯಿ ತನಕದ ಪೆಟ್ಟು ನನ್ನದೇ ಅಂತ ಬರೆದುಕೊಟ್ಟೆ. ಹತ್ತು ವರ್ಷ ದಾಟಿದ ಗಾಡಿಗೆ ಕ್ಲೇಮಿನಲ್ಲಿ ಪ್ಲಾಸ್ಟಿಕ್, ತಗಡು ಎರಡಕ್ಕೂ ಅರ್ಧ ಕಳೆಯುತ್ತಾರೆ. ಗಾಜಿಗೆ ಮಾತ್ರ ಕಳೆಯಲ್ಲ. ಹೀಗೆ ಕಳೆಯದೆ ಕೊಡುವ ಝೀರೋ ಡೆಪ್ ಈ ವಯಸ್ಸಿನ ಗಾಡಿಗೆ ಕೊಡಲ್ಲ ಅಂದರು. ಹಾಗಿದ್ದ ಮೇಲೆ ಗೀರು ಬಿದ್ದಿದ್ದಕ್ಕೆಲ್ಲ ಯಾರು ಕ್ಲೇಮ್ ಮಾಡ್ತಾರೆ?

ಎರಡನೆಯದು ನಾನು ಮರೆತೇಬಿಟ್ಟಿದ್ದ ಒಂದು ಕಾಗದ. ಅದೇ ವರ್ಷ ನನ್ನ ಹಳೆಯ ಕಾರು ಮಾರಿದ್ದೆ, ಅದರಲ್ಲಿ ಶೇಕಡಾ 50 ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಬಿಡುವ ರಿಯಾಯಿತಿ, ಇತ್ತು. ಈ ಬೋನಸ್ ಗಾಡಿಯದಲ್ಲ, ಮಾಲೀಕನದು. ಮಾರಿದಾಗ ಕಂಪನಿಯಿಂದ ಲೆಟರ್ ತಗೊಂಡಿದ್ದರೆ ಮೂರು ವರ್ಷದೊಳಗೆ ಇನ್ನೊಂದು ಕಾರಿಗೆ ಹಾಕಿಕೊಳ್ಳಬಹುದು. ಲೆಟರ್ ಗೊಬ್ಬರದ ಬಿಲ್ಲುಗಳ ನಡುವೆ ಸಿಕ್ಕಿತು. 36,000 ಇದ್ದ ಓನ್ ಡ್ಯಾಮೇಜ್ 18,000ಕ್ಕೆ ಇಳಿಯಿತು. ಜಿಎಸ್‌ಟಿ ಸೇರಿ 21,240. ಥರ್ಡ್ ಪಾರ್ಟಿಯೂ ಕೂಡಿ ವರ್ಷಕ್ಕೆ 30,558 ರೂಪಾಯಿ. ಹೆಂಡತಿಗೆ ಹೇಳಿದೆ. "ಒಂದು ಲಾರಿ ಗೊಬ್ಬರ" ಅಂದಳು, ಅಷ್ಟೇ.

ಪಾಲಿಸಿ ಕೈಗೆ ಬಂದ ದಿನ ಮ್ಯಾನೇಜರ್ ಹತ್ತಿರ ಕೂತು ಏನು ಬರುತ್ತೆ, ಏನು ಬರಲ್ಲ ಕೇಳಿದೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಿದ್ದರೆ ಬರುತ್ತೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದರೂ ಬರುತ್ತೆ. ಇಂಜಿನ್ ತಾನಾಗೇ ಕೆಟ್ಟರೆ ಬರಲ್ಲ. ಟಾಪಿನ ಬಟ್ಟೆ ಹಳತಾಗಿ ಹರಿದರೂ ಇಲ್ಲ. "ಕೋತಿ ಹರಿದರೆ?" ಅಂದೆ. ಅವರು ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. "ಹೊರಗಿನಿಂದ ಆದ ಹಾನಿ, ಬರಬೇಕು ಸಾರ್. ಆದರೆ ಒಂದು ಕೋತಿಗೋಸ್ಕರ ಶೇಕಡಾ 50 ಬೋನಸ್ ಕಳ್ಕೋತೀರಾ?"

ವಾಪಸ್ ಬರುವಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಭಾವನ ಶೆಡ್ಡಿನ ಎರಡೂ ಕಿಟಕಿಗೆ ಕಬ್ಬಿಣದ ಮೆಶ್ ತಗೊಂಡೆ.